ಕೈಗೆಟುಕುವ ಕಟ್ಟೆ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ನೋಡಲೆಂದು ಬರುವವರು ಕುಂಕುಮದ ಗುಡ್ಡೆಗಳ ಮುಂದೆ ನಿಂತುಬಿಡುತ್ತಾರೆ. ತಟ್ಟೆ ತುಂಬ ಚೂಪಾಗಿ ಏರಿಸಿಟ್ಟ ಕೆಂಪು, ಅರಿಶಿನ, ನೀಲಿ, ಗುಲಾಬಿ ಪುಡಿಗಳು ಎಂಥವರ ಕಣ್ಣನ್ನೂ ಹಿಡಿದು ನಿಲ್ಲಿಸುತ್ತವೆ. ಊರಿನ ಬಗ್ಗೆ ಅಚ್ಚಾದ ಪ್ರವಾಸಿ ಪುಸ್ತಕಗಳಲ್ಲೂ ಅದೇ ಚಿತ್ರ. ಆದರೆ ಮೈಸೂರಿನವರು ಆ ಗುಡ್ಡೆಗಳ ಮುಂದೆ ನಿಲ್ಲುವುದು ಹಬ್ಬ ಬಂದಾಗ, ಮನೆಯಲ್ಲಿ ಮದುವೆ ಮುಂಜಿ ಇದ್ದಾಗ. ಮಿಕ್ಕ ದಿನ ನಮ್ಮ ಕಾಲು ತಾನಾಗಿ ತಿರುಗುವುದು ಎಲೆ ಅಡಿಕೆಯ ಸಾಲಿಗೆ, ಹೂವಿನ ಸಾಲಿಗೆ, ಬಾಳೆಗೊನೆ ತೂಗುಹಾಕಿದ ಮಳಿಗೆಗಳಿಗೆ. ನನ್ನ ಮಟ್ಟಿಗೆ ಮಾರುಕಟ್ಟೆ ಎಂದರೆ ಆ ಮೂರು ಸಾಲು.

ನಮ್ಮ ಮನೆ ಇದ್ದದ್ದು ಚಾಮುಂಡಿಪುರದಲ್ಲಿ. ದಾರಿಯಲ್ಲೇ ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆ ಸಿಗುತ್ತಿತ್ತು. ತರಕಾರಿ ಅಲ್ಲೂ ತಾಜಾ, ದರವೂ ಹೆಚ್ಚೇನಲ್ಲ. ಆದರೂ ಅಜ್ಜಿ ಅದನ್ನು ದಾಟಿ, ಅರಮನೆಯ ಕೋಟೆ ಪಕ್ಕದಲ್ಲಿ ನಡೆದು, ಕೆ.ಆರ್. ಸರ್ಕಲ್ ಹಾದು ದೇವರಾಜ ಮಾರುಕಟ್ಟೆಯ ಎದುರಿನ ಚಿಕ್ಕ ಗಡಿಯಾರದ ತನಕ ಹೋಗುತ್ತಿದ್ದಳು. ಕೈಯಲ್ಲಿ ಎರಡು ಬಟ್ಟೆ ಚೀಲ. ಒಂದು ತರಕಾರಿಗೆ, ಇನ್ನೊಂದು ಮಡಿಗೆ. ಮಡಿಯ ಚೀಲದಲ್ಲಿ ಹೂವು, ಎಲೆ, ಹಣ್ಣು, ತೆಂಗಿನಕಾಯಿ ಬಿಟ್ಟು ಬೇರೇನೂ ಬೀಳುವಂತಿರಲಿಲ್ಲ. ಈರುಳ್ಳಿ ಅದರ ಹತ್ತಿರ ಸುಳಿದರೂ ದಾರಿಯುದ್ದಕ್ಕೂ ಮಾತು ಕೇಳಬೇಕಾಗುತ್ತಿತ್ತು.

ಅಷ್ಟು ದೂರ ಯಾಕೆ ಹೋಗುತ್ತಿದ್ದಳು ಎನ್ನುವುದು ಹೂವಿನ ಸಾಲಿನಲ್ಲಿ ನಿಂತು ನೋಡಿದವರಿಗೆ ಗೊತ್ತಾಗುತ್ತಿತ್ತು. ಅವಳಿಗೆ ಹೂವು ಕೊಡುತ್ತಿದ್ದ ಹೆಂಗಸಿನ ತೋಳು ಉದ್ದ. ಹೂವು ಅಳೆಯುವುದು ಮೊಳದಲ್ಲಿ, ಮೊಳ ಎಂದರೆ ಮಾರುವವರ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಕುಳ್ಳನೆಯ ಕೈಯವರ ಹತ್ತಿರ ಕೊಂಡರೆ ಪ್ರತಿ ಮೊಳಕ್ಕೂ ನಾಲ್ಕು ಹೂವು ಕಡಿಮೆ. ಅಜ್ಜಿ ಇದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಹೆಂಗಸು ಒಂದು ದಿನ ಬಾರದೆ ಅವಳ ತಂಗಿ ಕೂತಿದ್ದರೆ ಮೂರು ಮೊಳದ ಬದಲು ನಾಲ್ಕು ಮೊಳ ಕೇಳುತ್ತಿದ್ದಳು.

ಅಳೆಯುವುದನ್ನು ಹತ್ತಿರದಿಂದ ನೋಡಬೇಕು. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಸುರುಳಿ ಸುತ್ತಿಟ್ಟ ಮಲ್ಲಿಗೆಯ ಕೊನೆ ಹಿಡಿದೆತ್ತಿ ಮೊಣಕೈಗೆ ಆನಿಸುತ್ತಾಳೆ. ಮಾಲೆ ತೋಳಗುಂಟ ಇಳಿದು ಬೆರಳ ತುದಿ ಮುಟ್ಟುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮಡಿಸಿ, ಮತ್ತೆ ಮೊಣಕೈಗೆ. ಎಳೆಯುವಂತಿಲ್ಲ, ಎಳೆದರೆ ಹೂವಿನ ನಡುವೆ ಸಂದು ಬಿದ್ದು ಮೊಳ ಸುಳ್ಳಾಗುತ್ತದೆ. ಕೇಳಿದಷ್ಟು ಅಳೆದಾದ ಮೇಲೆ ನಾರು ಕಡಿಯುವ ಮುನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಅಜ್ಜಿ ಏನೂ ಹೇಳುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಬೆರಳು ಒಂದು ಗೇಣು ಮುಂದೆ ಸರಿಯುತ್ತದೆ.

"ತಕ್ಕಳಿ ಅಮ್ಮಾವ್ರೇ, ಮಗೀನ ಜಡೆಗೆ ಅಂತ ಹಾಕಿವ್ನಿ."

ಆ ಗೇಣು ಕೊಸರು. ಕೊಸರಿಗೆ ದುಡ್ಡಿಲ್ಲ. ಹೂವನ್ನು ಬಾಳೆಎಲೆಯ ಚೂರಿನಲ್ಲಿ ಮಡಿಸಿ, ಬಾಳೆನಾರಿನಿಂದ ಕಟ್ಟಿ ಕೊಡುವಾಗ ನನ್ನ ಪಾಲಿನ ಗೇಣು ಮಾತ್ರ ಬೇರೆಯಾಗಿ ಹೊರಗೆ ಉಳಿಯುತ್ತಿತ್ತು. ಅಲ್ಲೇ, ಆ ಜನದ ನಡುವೆಯೇ, ಅದು ನನ್ನ ಜಡೆಗೆ ಏರುತ್ತಿತ್ತು.

ಎಲೆಯವರದು ಇನ್ನೊಂದು ಬಗೆ. ಕಟ್ಟೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ ಹಿರಿಯರು, ಮುಂದೆ ಒದ್ದೆ ಗೋಣಿ, ಪಕ್ಕದಲ್ಲಿ ನೀರಿನ ಚೊಂಬು. ಅಜ್ಜಿ ಹತ್ತಿರ ಬಂದರೆ ಅವರು ಮೊದಲು ಕೇಳುತ್ತಿದ್ದುದು, "ಶಾಸ್ತ್ರಕ್ಕಾ ತಾಯಿ, ತಿನ್ನಕ್ಕಾ?" ಎರಡಕ್ಕೂ ಎಲೆ ಬೇರೆ. ತಿನ್ನುವುದಕ್ಕೆ ಎಳೆಯದಾಗಿರಬೇಕು, ನಾರು ಇರಬಾರದು, ತುದಿ ಮುರಿದಿದ್ದರೆ ಅಡ್ಡಿಯಿಲ್ಲ. ಶಾಸ್ತ್ರಕ್ಕೆ ತುದಿ ಮುಕ್ಕಾಗಿರಬಾರದು, ತೊಟ್ಟು ಇರಬೇಕು, ಎಲೆ ಸ್ವಲ್ಪ ಬಲಿತಿದ್ದರೂ ನಡೆಯುತ್ತದೆ. ಮೈಸೂರು ವೀಳ್ಯದೆಲೆಗೂ, ಮೈಸೂರು ಮಲ್ಲಿಗೆಗೂ, ನಂಜನಗೂಡಿನ ರಸಬಾಳೆಗೂ ಈಗ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಗುರುತು ಸಿಗುವುದಕ್ಕೆ ಬಹಳ ಮುಂಚೆಯೇ ಆ ಹಿರಿಯರ ಬೆರಳಿಗೆ ಅದೆಲ್ಲ ಗೊತ್ತಿತ್ತು. ಕಣ್ಣು ನಮ್ಮ ಮೇಲಿಟ್ಟು, ಊರಿನ ಸುದ್ದಿ ಆಡುತ್ತಲೇ ಎಲೆ ಎಣಿಸುತ್ತಿದ್ದರು. ತೂತು ಬಿದ್ದ ಎಲೆ ಬಂದಾಗ ಬೆರಳು ಅದನ್ನು ತಾನಾಗಿ ಪಕ್ಕಕ್ಕೆ ಹಾಕುತ್ತಿತ್ತು.

ಈ ಕಟ್ಟೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಇಡೀ ಮಾರುಕಟ್ಟೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಮಳಿಗೆಯ ನೆಲ ಓಣಿಗಿಂತ ಎತ್ತರ. ಮಾರುವವರು ಅದರ ಮೇಲೆ ಕೂತಿರುತ್ತಾರೆ, ಕೊಳ್ಳುವವರು ಕೆಳಗೆ ನಿಂತಿರುತ್ತಾರೆ. ಕೂತವರ ಮುಖ, ನಿಂತವರ ಮುಖ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬರುತ್ತವೆ. ಯಾರೂ ಬಗ್ಗಬೇಕಾಗಿಲ್ಲ, ಯಾರೂ ತಲೆಯೆತ್ತಬೇಕಾಗಿಲ್ಲ. ನಡುವೆ ಗಾಜಿಲ್ಲ, ಮೇಜಿಲ್ಲ. ಸರಕಿಗೆ ಇಬ್ಬರ ಕೈಯೂ ಎಟುಕುತ್ತದೆ. ಬದನೆಕಾಯಿ ಒತ್ತಿ ನೋಡಬಹುದು, ಅವರೆಕಾಯಿ ಸುಲಿದು ಸೊಗಡು ಮೂಸಬಹುದು, ಬೇಡವೆಂದರೆ ಅಲ್ಲೇ ಇಟ್ಟು ಎದುರಿನ ಮಳಿಗೆಗೆ ತಿರುಗಬಹುದು. ಓಣಿಯ ಅಗಲವೂ ಅಷ್ಟೇ: ಎರಡು ಬದಿಯ ಸರಕನ್ನು ಒಮ್ಮೆಗೇ ನೋಡುವಷ್ಟು ಕಿರಿದು, ತಲೆಯ ಮೇಲೆ ಬುಟ್ಟಿ ಹೊತ್ತವನು "ದಾರಿ, ದಾರಿ" ಎನ್ನುತ್ತ ನುಸುಳಿ ಹೋಗುವಷ್ಟು ಅಗಲ. ಹೆಂಗಸರು ಗಂಟೆಗಟ್ಟಲೆ ಸುತ್ತಿದರೂ ಅಲ್ಲಿ ಬೇಸರಪಡದೆ ಇದ್ದುದಕ್ಕೆ ಈ ಅಳತೆಯೇ ಕಾರಣವೆಂದು ನಾನು ನಂಬಿದ್ದೇನೆ.

ಕಟ್ಟಿದವರು ಇದನ್ನೆಲ್ಲ ಲೆಕ್ಕ ಹಾಕಿಯೇ ಕಟ್ಟಿದರೋ, ಅಥವಾ ಮೊದಲು ಅಲ್ಲಿ ಸೇರುತ್ತಿದ್ದ ಸಂತೆಯ ನಡೆಯನ್ನೇ ಕಲ್ಲು ಸುಣ್ಣದಲ್ಲಿ ನಿಲ್ಲಿಸಿದರೋ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲ. ಹೆಸರು ಮಾತ್ರ ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರದು, ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದವರದು. ಪಕ್ಕದ ರಸ್ತೆಗೆ ಬರೋಡದ ಸಯ್ಯಾಜಿರಾವ್ ಗಾಯಕವಾಡರ ಹೆಸರು. ಎದುರಿನ ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ ನೆನಪಿನದು. ಅಷ್ಟು ರಾಜರ, ಸಾಹೇಬರ ಹೆಸರಿನ ನಡುವೆ ಕಾಯಿಪಲ್ಯ ಮಾರುವವರು ನೂರಕ್ಕೂ ಹೆಚ್ಚು ವರ್ಷ ಬಾಳುವೆ ನಡೆಸಿದ್ದಾರೆ.

ಬಾಳೆಹಣ್ಣಿನ ಮಳಿಗೆ ಅಪ್ಪನ ಇಲಾಖೆ. ತಿಂಗಳ ಮೊದಲ ಭಾನುವಾರ ಅವರು ಸೈಕಲ್ಲನ್ನು ಹೊರಗೆ ನಿಲ್ಲಿಸಿ ಒಳಗೆ ಹೋದರೆ, ಹಗ್ಗಕ್ಕೆ ತೂಗುಹಾಕಿದ ಗೊನೆಗಳ ಕೆಳಗೆ ತಲೆ ಬಗ್ಗಿಸಿಕೊಂಡೇ ಓಡಾಡಬೇಕು. ಪುಟ್ಟಬಾಳೆ, ಪಚ್ಚಬಾಳೆ, ಏಲಕ್ಕಿ, ಒಂದು ಮೂಲೆಯಲ್ಲಿ ರಸಬಾಳೆ. ರಸಬಾಳೆ ಇದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ, ಬಾಗಿಲಲ್ಲೇ ಮೂಗಿಗೆ ಗೊತ್ತಾಗುತ್ತಿತ್ತು. ಅಂಗಡಿಯವರು ಕುಡುಗೋಲಿನಿಂದ ಒಂದು ಚಿಪ್ಪು ಕಡಿದು ಅಪ್ಪನ ಕೈಗೆ ಕೊಡುವಾಗ, ಅದರಿಂದ ಒಂದು ಹಣ್ಣು ಕಿತ್ತು ನನ್ನ ಕೈಗೆ ಇಡುತ್ತಿದ್ದರು. ಆ ಹಣ್ಣಿನ ಲೆಕ್ಕ ಹಿಡಿಯುತ್ತಿರಲಿಲ್ಲ. ಆಮೇಲೆ ಸೊರಗು ರೋಗ ನಂಜನಗೂಡಿನ ತೋಟಗಳಿಗೆ ಬಿದ್ದು, ರೈತರು ಒಬ್ಬೊಬ್ಬರಾಗಿ ಬೇರೆ ಬಾಳೆ ಹಾಕಿದರು. ಮೂಲೆಯಲ್ಲಿ ತೂಗುತ್ತಿದ್ದ ಗೊನೆ ಮೊದಲು ವಾರಕ್ಕೊಮ್ಮೆ ಬಂತು, ಮತ್ತೆ ಹಬ್ಬಕ್ಕೆ ಮಾತ್ರ ಬಂತು, ಆಮೇಲೆ ಹೇಳಿಟ್ಟರೆ ತರಿಸಿಕೊಡುತ್ತೇವೆ ಅಂದರು. ಮಾರುಕಟ್ಟೆಯಿಂದ ಒಂದು ವಸ್ತು ಮಾಯವಾಗುವುದು ಹೀಗೆ. ಇಂಥ ದಿನ ನಿಂತಿತು ಎಂದು ಯಾರಿಂದಲೂ ಹೇಳಲಾಗದು. ಈರನಗೆರೆಯ ಹಸಿರು ಬದನೆಯನ್ನೂ ನಾವು ಹೀಗೇ ಕಳೆದುಕೊಳ್ಳುತ್ತಿದ್ದೇವೆ. ವಾಂಗಿಬಾತಿಗೆ ಅದೇ ಬೇಕೆಂದು ಹಟ ಹಿಡಿಯುವ ಗೃಹಿಣಿಯರು ಇರುವತನಕ ಅದು ಅಷ್ಟಿಷ್ಟು ಬಂದೀತು.

ಬದಲಾವಣೆ ಎಲ್ಲವೂ ನಷ್ಟವೇ ಎಂದು ನಾನು ಹೇಳುವುದಿಲ್ಲ. ಕಬ್ಬಿಣದ ತಕ್ಕಡಿಯ ಕಾಲದಲ್ಲಿ ತಟ್ಟೆಯ ಅಡಿಗೆ ಹುಣಿಸೆಹಣ್ಣು ಮೆತ್ತುವವರೂ ಇದ್ದರು. ಈಗಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅಂಕಿ ಎದುರಿಗೇ ಮೂಡುತ್ತದೆ. ಕೊತ್ತಂಬರಿ ಸೊಪ್ಪಿನ ಅಜ್ಜಿಯ ಬಳಿಯೂ ಕ್ಯೂಆರ್ ಕೋಡಿನ ಹಲಗೆ ಇದೆ, ದುಡ್ಡು ಬಿದ್ದ ಕೂಡಲೇ ಪುಟ್ಟ ಪೆಟ್ಟಿಗೆ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಅಕ್ಷರ ಬಾರದ ಆಕೆಗೆ ಅದು ದೊಡ್ಡ ಆಸರೆ. ಮೊದಲು ಚಿಲ್ಲರೆಗಾಗಿ ಅಕ್ಕಪಕ್ಕದವರನ್ನು ಕಾಡಬೇಕಿತ್ತು, ಆ ಪರದಾಟ ಈಗಿಲ್ಲ. ಪ್ಲಾಸ್ಟಿಕ್ ಕವರು ಬಂದದ್ದು ಮಾತ್ರ ನನಗೆ ಇಂದಿಗೂ ನೋವಿನ ವಿಷಯ. 2016ರಲ್ಲಿ ರಾಜ್ಯ ಸರ್ಕಾರ ನಿಷೇಧ ಹೇರಿದ ಮೇಲೆ ತಪಾಸಣೆ ನಡೆದ ದಿನಗಳಲ್ಲಿ ಕವರು ಗೋಣಿಯಡಿ ಸರಿಯುತ್ತದೆ, ಸಂಜೆಗೆ ಮತ್ತೆ ಹೊರಬರುತ್ತದೆ. ಮಲ್ಲಿಗೆಯನ್ನು ಅದರಲ್ಲಿ ಕಟ್ಟಿಕೊಟ್ಟರೆ ಮನೆ ಸೇರುವಷ್ಟರಲ್ಲಿ ಬೆವರಿ ಕಪ್ಪಾಗುತ್ತದೆ. ಬಾಳೆಎಲೆಯಲ್ಲಿ ಕಟ್ಟಿದ ಹೂವು ಮರುದಿನ ಬೆಳಗಿನ ಪೂಜೆಗೂ ಉಳಿಯುತ್ತಿತ್ತು. ಕೇಳಿದರೆ ಈಗಲೂ ಎಲೆಯಲ್ಲಿ ಕಟ್ಟಿಕೊಡುತ್ತಾರೆ. ಕೇಳಬೇಕು, ಅಷ್ಟೇ.

ಸಗಟು ವ್ಯಾಪಾರ ಊರಾಚೆ ಹೋದದ್ದು ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ. ಹಿಂದೆ ನಸುಕಿನಲ್ಲೇ ಸುತ್ತಲಿನ ಹಳ್ಳಿಗಳಿಂದ ಗಾಡಿಗಳು, ಆಮೇಲೆ ಲಾರಿಗಳು ಬಂದು ನಿಲ್ಲುತ್ತಿದ್ದವು; ಬೆಳೆದವರು, ಮಾರುವವರು, ಕೊಳ್ಳುವವರು ಒಂದೇ ಜಾಗದಲ್ಲಿ ಸೇರುತ್ತಿದ್ದರು. ಈಗ ಸಗಟಿನ ಮಾತೆಲ್ಲ ನಂಜನಗೂಡು ರಸ್ತೆಯ ಬಂಡೀಪಾಳ್ಯದ ಎಪಿಎಂಸಿಯಲ್ಲಿ ಮುಗಿಯುತ್ತದೆ. ಲಾರಿಗಳ ಕಾಟ ತಪ್ಪಿತು, ರಸ್ತೆ ಹಗುರಾಯಿತು, ಆಗಬೇಕಾದ ಕೆಲಸವೇ. ಆದರೆ ರೈತ ಅಲ್ಲಿಂದಲೇ ಊರಿಗೆ ತಿರುಗಿದ. "ಮಳೆ ಹೆಂಗಪ್ಪ ನಿಮ್ ಕಡೆ?" ಎಂದು ಪೇಟೆಯ ಹೆಂಗಸು ಬೆಳೆದವನನ್ನೇ ಕೇಳುವ ಅವಕಾಶ ಹೋಯಿತು.

ಇತ್ತ ಬಡಾವಣೆಗಳು ಹರಡಿದವು. ಕುವೆಂಪುನಗರದವರಿಗೆ, ವಿಜಯನಗರದವರಿಗೆ ತರಕಾರಿಗೆಂದು ಇಷ್ಟು ದೂರ ಬರುವ ಅಗತ್ಯ ಉಳಿಯಲಿಲ್ಲ. ಮಾಲುಗಳು ಬಂದವು, ಫೋನಿನಲ್ಲಿ ಒತ್ತಿದರೆ ಬಿಡಿಹೂವು ಕೂಡ ಬಾಗಿಲಿಗೆ ಬರುತ್ತದೆ. ಮಾರುಕಟ್ಟೆಯ ಕೆಲವು ಅಂಗಡಿಗಳು ಪ್ರವಾಸಿಗಳ ಕಡೆ ಮುಖ ತಿರುಗಿಸಿದವು. ಅಗರಬತ್ತಿ ಹೊಸೆದು ತೋರಿಸುವುದು, ಪುಟ್ಟ ಸೀಸೆಗಳಲ್ಲಿ ಗಂಧದೆಣ್ಣೆ ಮಾರುವುದು, ಹಿಂದಿಯಲ್ಲಿ ಇಂಗ್ಲಿಷಿನಲ್ಲಿ ಕರೆಯುವುದು. ಕೆಲವರಿಗೆ ಇದು ಹಿಡಿಸುವುದಿಲ್ಲ. ಹೊಟ್ಟೆಪಾಡಿಗೆ ದಾರಿ ಕಂಡುಕೊಂಡವರನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ಕುಂಕುಮದಂಗಡಿಯ ಸಾಹೇಬರೊಬ್ಬರು ವಿದೇಶಿಯರಿಗೆ ಬಣ್ಣದ ಪೊಟ್ಟಣ ಕಟ್ಟಿಕೊಡುತ್ತಲೇ, ಪಕ್ಕದಲ್ಲಿ ನಿಂತ ನನಗೆ, "ಗೌರಿ ಬಾಗಿನಕ್ಕಾ ಅಕ್ಕಾ? ಹಂಗಾದ್ರೆ ಈ ಬಣ್ಣದ್ದು ಬೇಡ, ಇದು ನೆಲದ ಮೇಲೆ ಹಾಕೋದು, ಹಣೆಗಲ್ಲ" ಎಂದು ಒಳಗಿನ ಡಬ್ಬಿ ತೆಗೆದರು. ಅಂಥವರು ಇರುವಾಗ ಮಾರುಕಟ್ಟೆ ಪ್ರದರ್ಶನದ ಜಾಗವಾಗಿಬಿಟ್ಟಿತೆಂದು ಹೇಗೆ ಹೇಳಲಿ?

ಗೌರಿ ಹಬ್ಬದ ಹಿಂದಿನ ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊರಗಳ ರಾಶಿ, ಬಳೆ ಬಿಚ್ಚೋಲೆ, ಗೆಜ್ಜೆವಸ್ತ್ರ, ಅರಿಶಿನದ ಕೊಂಬು, ತಾವರೆ ಮೊಗ್ಗು, ಡೇರೆ, ಕೇದಗೆ. ಆಯುಧಪೂಜೆಯ ಹೊತ್ತಿಗೆ ಬೂದಗುಂಬಳ, ಬಾಳೆಕಂದು, ಸೇವಂತಿಗೆ. ವಿಜಯದಶಮಿಯಂದು ಜಂಬೂಸವಾರಿ ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದ ಕಡೆಗೆ ಸಾಗುವಾಗ ಹಿಂದೆಲ್ಲ ಮಾರುಕಟ್ಟೆಯ ತಾರಸಿಯ ಮೇಲೂ ಜನ. ಗೊತ್ತಿದ್ದ ಅಂಗಡಿಯವರನ್ನು ತಿಂಗಳ ಮುಂಚೆಯೇ ಕೇಳಿಟ್ಟು, ಅಪ್ಪ ನಮ್ಮನ್ನು ಅವರ ಜಗುಲಿಯಲ್ಲಿ ಕೂರಿಸುತ್ತಿದ್ದರು. ಆನೆಯ ಗಂಟೆಯ ಸದ್ದು ಗೋಡೆಗೆ ಬಡಿದು ಓಣಿಯ ಒಳಗಿನ ತನಕ ಕೇಳಿಸುತ್ತಿತ್ತು. ಈಗ ಆ ತಾರಸಿಗಾಗಲಿ, ಅದರ ಅಂಚಿಗಾಗಲಿ ಯಾರೂ ಸುಳಿಯದಂತೆ ದಸರೆಯ ಹೊತ್ತಿಗೆ ಬೇಲಿ ಕಟ್ಟುತ್ತಾರೆ. ಕಟ್ಟಲೇಬೇಕು.

ಏಕೆಂದರೆ 2012ರ ಆಗಸ್ಟ್‌ನಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಜೀವ ಬಿಟ್ಟರು. ಹಳೆಯ ಪುಸ್ತಕಗಳ ಅಂಗಡಿಗಳಿದ್ದ ಕಟ್ಟಡ ಅದು. ಶಾಲೆಯ ಪಠ್ಯದಿಂದ ಹಿಡಿದು ಅಂಚು ಹರಿದ ಕಾದಂಬರಿಯವರೆಗೆ ಎಷ್ಟು ಮಕ್ಕಳು ಅಲ್ಲಿ ಅರ್ಧ ಬೆಲೆಗೆ ಓದು ಕಲಿತರೋ. ಆ ಸಾವು ಊರನ್ನು ಬೆಚ್ಚಿಬೀಳಿಸಿತು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್ 28ರಂದು, ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲಿನ ಭಾಗ ಕುಸಿಯಿತು. ಸದ್ಯ, ಜೀವಹಾನಿ ಆಗಲಿಲ್ಲ. ಮುರಿದು ನಿಂತ ಗೋಡೆಯಲ್ಲಿ ಇಟ್ಟಿಗೆ, ಸುಣ್ಣದ ಗಾರೆ ಪದರ ಪದರವಾಗಿ ಕಾಣುತ್ತಿದ್ದವು. ಸಂದುಗಳಲ್ಲಿ ಬೇರೂರಿದ್ದ ಅರಳಿಯ ಸಸಿಗಳೂ ಇದ್ದವು. ವರ್ಷ ವರ್ಷ ಸೋರಿದ ತಾರಸಿ, ಕಿತ್ತುಹಾಕದೆ ಬಿಟ್ಟ ಗಿಡ, ಒಬ್ಬೊಬ್ಬರು ತಮಗೆ ಬೇಕಾದಂತೆ ಒಡೆದು ಸೇರಿಸಿದ ಕಪಾಟು: ಇಂಥ ಕಟ್ಟಡಗಳು ಹಳೆಯದಾದ ಮಾತ್ರಕ್ಕೆ ಬೀಳುವುದಿಲ್ಲ, ನೋಡಿಕೊಳ್ಳುವವರಿಲ್ಲದೆ ಬೀಳುತ್ತವೆ.

ಅಂದಿನಿಂದ ಕೆಡವಬೇಕೋ ಉಳಿಸಬೇಕೋ ಎಂಬ ತಕರಾರು. ಒಂದು ತಜ್ಞರ ತಂಡ ಕೆಡವಿ ಹಾಗೆಯೇ ಮತ್ತೆ ಕಟ್ಟಿ ಎಂದಿತು, ಪರಂಪರೆಯ ತಜ್ಞರು ದುರಸ್ತಿ ಸಾಧ್ಯ ಎಂದರು, ವಿಷಯ ನ್ಯಾಯಾಲಯದ ಮೆಟ್ಟಿಲೂ ಏರಿತು. ಗೋಡೆ ಎಷ್ಟು ಭಾರ ತಡೆಯುತ್ತದೆ ಎನ್ನುವುದು ಬಲ್ಲವರು ಹೇಳಬೇಕಾದ ಮಾತು. ಇದ್ದ ಗೋಡೆಯನ್ನೇ ಭಾಗ ಭಾಗವಾಗಿ ಬಲಪಡಿಸಿ ಉಳಿಸಲಿ ಎಂಬುದೇ ನನ್ನ ಆಸೆ, ಆದರೆ ಆಳುಗಳ ತಲೆಯ ಮೇಲೆ, ಹೂವು ಕೊಳ್ಳುವವರ ತಲೆಯ ಮೇಲೆ ನನ್ನ ಆಸೆಯನ್ನು ಹೇರಲಾರೆ. ನನ್ನ ತಕರಾರು ಬೇರೆ. ಈ ಚರ್ಚೆಯಲ್ಲೆಲ್ಲ ಮುಂಭಾಗದ ಕಮಾನು, ಬಣ್ಣ, ಗೋಪುರಗಳ ಮಾತು ಬರುತ್ತದೆ. ಒಳಗಿನ ಕಟ್ಟೆಯ ಎತ್ತರದ ಮಾತು ಬರುವುದಿಲ್ಲ. ಹಳೆಯ ಮುಖವನ್ನೇ ಹೊತ್ತ ಹೊಸ ಕಟ್ಟಡ ಎದ್ದು, ಒಳಗೆ ರೋಲಿಂಗ್ ಶಟರಿನ ಮಳಿಗೆಗಳು, ಮೇಲೊಂದು ಮಹಡಿ, ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಬಂದರೆ ಮಾರುಕಟ್ಟೆ ಉಳಿಯಿತೆಂದು ಹೇಳಬಹುದೇ? ನಾಲ್ಕು ಮೊಳ ಹೂವಿಗೆ, ಒಂದು ಕಟ್ಟು ಎಲೆಗೆ ಯಾರೂ ಮಹಡಿ ಹತ್ತುವುದಿಲ್ಲ. ಹತ್ತದಿದ್ದರೆ ಹೂವಿನವರು ಫುಟ್‌ಪಾತಿಗೆ ಇಳಿಯುತ್ತಾರೆ, ಅಲ್ಲಿಂದ ಅವರನ್ನು ಎಬ್ಬಿಸಲು ಗಾಡಿ ಬರುತ್ತದೆ. ಎಷ್ಟೋ ಊರುಗಳಲ್ಲಿ ಮೇಲಿನ ಮಹಡಿ ಖಾಲಿ, ಹೊರಗಿನ ರಸ್ತೆ ಭರ್ತಿಯಾಗಿ ನಿಂತಿರುವ ಮಾರುಕಟ್ಟೆ ಕಟ್ಟಡಗಳನ್ನು ನಾವು ನೋಡಿದ್ದೇವೆ.

ಇನ್ನೊಂದು ಭಯ ಕಾಲದ್ದು. ಲ್ಯಾನ್ಸ್‌ಡೌನ್ ಕುಸಿದಾಗ ಅಲ್ಲಿನ ಅಂಗಡಿಯವರಿಗೂ ಸ್ವಲ್ಪ ದಿನ ಎಂದೇ ಅನ್ನಿಸಿತ್ತು. ವರ್ಷಗಳು ಉರುಳಿದವು. ಪುಸ್ತಕದವರು ದಿಕ್ಕಿಗೊಬ್ಬರಾದರು. ಕಟ್ಟಡ ನಾಳೆಯೇ ಸಿದ್ಧವಾದರೂ ಅವರೆಲ್ಲ ಒಂದೇ ಸಾಲಿನಲ್ಲಿ ಮತ್ತೆ ಸೇರುವುದು ಕಷ್ಟ. ಕೊಳ್ಳುವವರ ಕಾಲಿಗೆ ಒಮ್ಮೆ ಬೇರೆ ದಾರಿ ರೂಢಿಯಾದರೆ ಹಳೆಯ ದಾರಿಗೆ ತರುವುದು ಯಾವ ಯೋಜನೆಯಿಂದಲೂ ಆಗದು.

ಅಜ್ಜಿಗೆ ಎಲೆ ಕೊಡುತ್ತಿದ್ದ ಹಿರಿಯರ ಜಾಗದಲ್ಲಿ ಈಗ ಅವರ ಮೊಮ್ಮಗ ಕೂರುತ್ತಾನೆ. ಪದವಿ ಓದಿದ್ದಾನೆ, ಲೆಕ್ಕವನ್ನು ಫೋನಿನಲ್ಲಿ ಬರೆಯುತ್ತಾನೆ, ಎಲೆಯನ್ನು ತಾತನಂತೆಯೇ ನೋಡದೆ ಎಣಿಸುತ್ತಾನೆ. ಮುಂದೇನಪ್ಪ ಎಂದು ಕೇಳಿದೆ. "ಕಟ್ಟಲಿ ಆಂಟಿ, ನಾವೇನು ಬ್ಯಾಡ ಅನ್ನಲ್ಲ. ನೆಲದ ಮೇಲೇ ಜಾಗ ಕೊಡ್ಲಿ. ಹೂವಿನೋರ್ ಪಕ್ಕದಾಗೇ ಎಲೆಯೋರ್ ಇರ್ಲಿ, ಹಣ್ಣಿನೋರ್ ಇರ್ಲಿ. ಬೇರೆ ಬೇರೆ ಮಾಡಿದ್ರೆ ಮೂರೂ ಜನಕ್ಕೂ ಯಾಪಾರ ಇಲ್ಲ. ಅಷ್ಟೂ ಬರ್ದು ಕೊಡ್ಲಿ" ಎಂದ. ಇದಕ್ಕಿಂತ ಸ್ಪಷ್ಟವಾದ ನಕ್ಷೆಯನ್ನು ಯಾವ ಎಂಜಿನಿಯರೂ ಬರೆಯಲಾರರೆಂದು ನನಗೆ ಅನ್ನಿಸಿತು. ಪಾಲಿಕೆಯವರು ಅವನನ್ನು, ಅವನಂಥವರನ್ನು ಕೂರಿಸಿಕೊಂಡು ಕೇಳಲಿ. ಯಾವ ಸರಕಿನ ಪಕ್ಕ ಯಾವ ಸರಕು, ಕಟ್ಟೆ ಎಷ್ಟು ಎತ್ತರ, ಓಣಿ ಎಷ್ಟು ಅಗಲ, ನೀರು ಎಲ್ಲಿಂದ ಬರಬೇಕು, ಕೊಳೆತ ಸೊಪ್ಪು ಎಲ್ಲಿಗೆ ಹೋಗಬೇಕು, ದಿನವಿಡೀ ಕೂರುವ ಹೆಂಗಸರಿಗೆ ಶೌಚಾಲಯ ಎಲ್ಲಿರಬೇಕು, ಇದನ್ನೆಲ್ಲ ಅಳೆದು ಬರೆದುಕೊಳ್ಳಲಿ. ಕೆಲಸ ನಡೆಯುವಷ್ಟು ಕಾಲ ಚಿಕ್ಕ ಗಡಿಯಾರದಿಂದ ಕೂಗಳತೆಯಲ್ಲೇ ಅವರಿಗೆ ಜಾಗ ಕೊಡಲಿ, ಒಂದು ಸಾಲು ಮುಗಿದ ಮೇಲೆ ಇನ್ನೊಂದು ಸಾಲಿಗೆ ಕೈಹಾಕಲಿ. ಗುದ್ದಲಿ ಮುಟ್ಟುವ ಮೊದಲು ಆ ಹುಡುಗ ಕೇಳಿದ ಕಾಗದ ಅವನ ಕೈ ಸೇರಲಿ.